ಮೂರು ಕ್ಯೂಬಿಟ್‌ಗಳ ಎಂಟ್ಯಾಂಗಲ್‌ಮೆಂಟ್‌ಗೆ ಒಂದು ಮಾಪಕ: ನಿರ್ಮಾಣ ಮತ್ತು ಪರೀಕ್ಷೆಯ ದಾಖಲೆ

ಕ್ವಾಂಟಮ್ ಮಾಹಿತಿಯ ಮೂಲ ಘಟಕಗಳಾದ ಎರಡು ಕ್ಯೂಬಿಟ್‌ಗಳ ಎಂಟ್ಯಾಂಗಲ್‌ಮೆಂಟ್, ಅಂದರೆ ಅವುಗಳನ್ನು ಬಿಡಿಬಿಡಿಯಾಗಿ ವಿವರಿಸಲಾಗದಂತೆ ಮಾಡುವ ಹೆಣಿಗೆ, ಎಷ್ಟು ಬಲವಾಗಿದೆ ಎಂಬ ಪ್ರಶ್ನೆಗೆ 1998ರಲ್ಲೇ ಕೈಗೆಟಕುವ ಉತ್ತರ ಸಿಕ್ಕಿದೆ. ವಿಲಿಯಂ ವೂಟರ್ಸ್ ಅವರ ‘ಕನ್‌ಕರೆನ್ಸ್’ ಸೂತ್ರಕ್ಕೆ ಸ್ಥಿತಿಯ ಮ್ಯಾಟ್ರಿಕ್ಸನ್ನು ಕೊಟ್ಟರೆ, ಅದರಲ್ಲಿ ಎಷ್ಟೇ ಗದ್ದಲ (ನಾಯ್ಸ್) ಬೆರೆತಿರಲಿ, ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಸಂಖ್ಯೆ ಹೊರಬರುತ್ತದೆ. ಮೂರನೆಯ ಕ್ಯೂಬಿಟ್ ಸೇರಿದೊಡನೆ ಈ ನೆಮ್ಮದಿ ಹೋಗುತ್ತದೆ. ಮೂರು ಕ್ಯೂಬಿಟ್‌ಗಳು ನಿಜವಾಗಿ ಹೆಣೆದುಕೊಳ್ಳಲು ಎರಡು ಬೇರೆಬೇರೆ ಬಗೆಗಳಿವೆಯೆಂದೂ, ಪ್ರತಿ ಕ್ಯೂಬಿಟ್ಟಿನ ಮೇಲೆ ಪ್ರತ್ಯೇಕವಾಗಿ ಏನೇ ಮಾಡಿದರೂ ಒಂದನ್ನು ಇನ್ನೊಂದಾಗಿ ಪರಿವರ್ತಿಸಲು ಬರುವುದಿಲ್ಲವೆಂದೂ 2000ರಲ್ಲಿ ಡ್ಯೂರ್, ವಿಡಾಲ್ ಮತ್ತು ಸಿರಾಕ್ ತೋರಿಸಿದರು. ಮೊದಲನೆಯದು ಗ್ರೀನ್‌ಬರ್ಗರ್, ಹಾರ್ನ್ ಮತ್ತು ಝೈಲಿಂಗರ್ 1989ರಲ್ಲಿ ಚರ್ಚೆಗೆ ತಂದ ಬಗೆ, ಅಂದರೆ 000 ಮತ್ತು 111ರ ಸಮಪಾಲಿನ ಸೂಪರ್‌ಪೊಸಿಷನ್ (ಕ್ವಾಂಟಮ್ ಮೊತ್ತ). ಇದನ್ನು ಜಿಎಚ್‌ಝಡ್ ಎನ್ನುತ್ತಾರೆ. ಎರಡನೆಯದು 001, 010 ಮತ್ತು 100ರ ಸಮಪಾಲಿನ ಡಬ್ಲ್ಯು ಸ್ಥಿತಿ. ಇವೆರಡರಲ್ಲಿ ಯಾವುದು ಹೆಚ್ಚು ಬಲವಾದದ್ದು ಎಂದು ಕೇಳಿದರೆ, ಯಾವ ಅಳತೆಗೋಲಿನಲ್ಲಿ ಎಂದು ಮರುಪ್ರಶ್ನೆ ಹಾಕಲೇಬೇಕಾಗುತ್ತದೆ.

ಈ ದಾಖಲೆ ಅಂಥ ಅಳತೆಗೋಲೊಂದನ್ನು ಲ್ಯಾಪ್‌ಟಾಪಿನಲ್ಲಿ ಪೈಥಾನ್ ಮತ್ತು ನಮ್‌ಪೈ ಬಳಸಿ ಕಟ್ಟಿದ ಕೆಲಸದ್ದು. ಕ್ಲೌಡ್ ಮೂಲಕ ನಿಜವಾದ ಕ್ವಾಂಟಮ್ ಚಿಪ್ಪುಗಳನ್ನು ಬಳಸುವ ಅನುಕೂಲ ಈಗ ಇದ್ದರೂ ಮೊದಲ ಹಂತದಲ್ಲಿ ಅವುಗಳನ್ನು ಬೇಕೆಂದೇ ದೂರವಿಟ್ಟೆ. ಚಿಪ್ಪಿನೊಳಗಿನ ಸ್ಥಿತಿ ನಿಜವಾಗಿ ಹೇಗಿದೆ ಎಂದು ಯಾರಿಗೂ ಮುಂಚಿತವಾಗಿ ಗೊತ್ತಿರುವುದಿಲ್ಲವಾದ್ದರಿಂದ, ಅಲ್ಲಿ ಬಂದ ಸಂಖ್ಯೆ ತಪ್ಪಾಗಿದ್ದರೆ ದೋಷ ಚಿಪ್ಪಿನದೋ ಮಾಪಕದ್ದೋ ಎಂದು ಬಿಡಿಸಲಾಗದು. ಸಾಮಾನು ತೂಗುವ ಮೊದಲು ಬರಿಯ ತಕ್ಕಡಿಯ ಮುಳ್ಳು ನೇರ ನಿಲ್ಲುತ್ತದೆಯೇ ಎಂದು ನೋಡುವಂತೆ, ಉತ್ತರ ಗೊತ್ತಿರುವ ಸ್ಥಿತಿಗಳ ಮೇಲೆ ಮಾಪಕವನ್ನು ಮೊದಲು ಒರೆಗೆ ಹಚ್ಚಬೇಕು.

ಎರಡು ಕಡತಗಳು, ನಡುವೆ ಒಂದು ಗೋಡೆ

ಇಡೀ ಕೆಲಸ ಎರಡು ಕಡತಗಳಲ್ಲಿದೆ. ಮೊದಲನೆಯದು ‘ತಯಾರಿ’. ಇದರಲ್ಲಿ ಎಂಟು ಸಂಕೀರ್ಣ ಸಂಖ್ಯೆಗಳ ಪಟ್ಟಿಯಾಗಿ ಶುದ್ಧ ಸ್ಥಿತಿ, ಅಂದರೆ ಗದ್ದಲ ಬೆರೆಯದ ಸ್ಥಿತಿ, ಹುಟ್ಟುತ್ತದೆ. ಮೊದಲ ಕ್ಯೂಬಿಟ್ ಮೇಲೆ ಒಂದು ಹಡಮಾರ್ಡ್ ಗೇಟು (0ಯನ್ನು 0 ಮತ್ತು 1ರ ಸಮಪಾಲಿನ ಮೊತ್ತವಾಗಿಸುವ ಕ್ರಿಯೆ), ಆಮೇಲೆ ಒಂದರಿಂದ ಎರಡಕ್ಕೆ ಮತ್ತು ಎರಡರಿಂದ ಮೂರಕ್ಕೆ ಸಿ-ನಾಟ್ (ಮೊದಲಿನದು 1 ಇದ್ದರೆ ಮಾತ್ರ ಮುಂದಿನದನ್ನು ತಿರುಗಿಸುವ ಗೇಟು) ಹಾಕಿದರೆ ಜಿಎಚ್‌ಝಡ್ ಸಿದ್ಧ. ಬಳಿಕ ಅದನ್ನು 8×8ರ ಡೆನ್ಸಿಟಿ ಮ್ಯಾಟ್ರಿಕ್ಸ್ (ಗದ್ದಲವನ್ನೂ ಒಳಗೊಳ್ಳಬಲ್ಲ ಸ್ಥಿತಿಯ ಕೋಷ್ಟಕ) ಮಾಡಿ, ಬೇಕಾದಷ್ಟು ಗದ್ದಲ ಬೆರೆಸಿ, ಕೇಳಿದ ಅಕ್ಷಗಳ ಮೇಲೆ ಅಳೆದರೆ ಯಾವ ಫಲಿತಾಂಶಕ್ಕೆ ಎಷ್ಟು ಸಂಭವನೀಯತೆ ಎಂದು ಲೆಕ್ಕ ಹಾಕಿ, ಯಾದೃಚ್ಛಿಕ ಸಂಖ್ಯೆಗಳಿಂದ ಶಾಟ್‌ಗಳನ್ನು, ಅಂದರೆ ಒಂದೊಂದು ಬಾರಿಯ ಅಳತೆಯ ಫಲಿತಾಂಶಗಳನ್ನು, ಎತ್ತಲಾಗುತ್ತದೆ. ಎರಡನೆಯ ಕಡತ ‘ಮಾಪಕ’. ಇದಕ್ಕೆ ದೊರೆಯುವುದು 000ದಿಂದ 111ರವರೆಗಿನ ಎಂಟು ಸಾಲುಗಳ ಎಣಿಕೆ ಪಟ್ಟಿ ಮಾತ್ರ. ಮ್ಯಾಟ್ರಿಕ್ಸಿನ ಒಂದು ಅಂಶವೂ ಈ ಕಡೆಗೆ ದಾಟಬಾರದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದೇನೆ, ಏಕೆಂದರೆ ಪ್ರಯೋಗಶಾಲೆಯಲ್ಲೂ ಕೈಗೆ ಬರುವುದು ಎಣಿಕೆಯೊಂದೇ.

ಒಂದು ಸಣ್ಣ ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಜಿಎಚ್‌ಝಡ್ ಮತ್ತು ಡಬ್ಲ್ಯು ಎರಡೂ ಕ್ಯೂಬಿಟ್‌ಗಳನ್ನು ಅದಲುಬದಲು ಮಾಡಿದರೆ ಬದಲಾಗದ ಸ್ಥಿತಿಗಳು. ಪ್ರೋಗ್ರಾಂ ಕ್ಯೂಬಿಟ್‌ಗಳ ಕ್ರಮವನ್ನು ತಲೆಕೆಳಗಾಗಿ ಓದುತ್ತಿದ್ದರೂ ಈ ಎರಡು ಪರೀಕ್ಷೆಗಳಲ್ಲಿ ಅದು ಬಯಲಿಗೆ ಬರುವುದಿಲ್ಲ. ಆದುದರಿಂದ ಮೊದಲೆರಡು ಕ್ಯೂಬಿಟ್‌ಗಳು ಬೆಲ್ ಜೋಡಿಯಾಗಿ (ಎರಡರ ನಡುವಿನ ಗರಿಷ್ಠ ಹೆಣಿಗೆ) ಹೆಣೆದುಕೊಂಡು ಮೂರನೆಯದು ಒಂಟಿಯಾಗಿ ನಿಂತ ಸ್ಥಿತಿಯನ್ನೂ ಪರೀಕ್ಷೆಯ ಪಟ್ಟಿಯಲ್ಲಿ ಮೊದಲಿನಿಂದಲೇ ಇಟ್ಟುಕೊಳ್ಳಬೇಕು. ಈ ಸ್ಥಿತಿ ಮುಂದೆ ಇನ್ನೂ ದೊಡ್ಡ ಉಪಕಾರ ಮಾಡುತ್ತದೆ.

ಸೊನ್ನೆ ತೋರಿಸಬೇಕಾದ ಕಡೆ ಸೊನ್ನೆ

ಯಾವ ಅಳತೆಯನ್ನು ಮಾಪಕದಲ್ಲಿ ಕೂರಿಸಬೇಕು ಎಂಬುದನ್ನು ತೀರ್ಮಾನಿಸಲು, ಎಣಿಕೆಗಳ ಗೊಡವೆಯಿಲ್ಲದೆ ಶುದ್ಧ ಸ್ಥಿತಿಗಳ ಮೇಲೆಯೇ ಕೆಲವನ್ನು ಲೆಕ್ಕ ಹಾಕಿ ತಾಳೆ ನೋಡಿದೆ. ಅತ್ಯಂತ ಸುಲಭವಾದದ್ದು 2002ರಲ್ಲಿ ಮೇಯರ್ ಮತ್ತು ವಾಲಕ್ ಸೂಚಿಸಿದ ಸರಾಸರಿ: ಪ್ರತಿ ಕ್ಯೂಬಿಟ್ ಉಳಿದವುಗಳ ಜೊತೆ ಎಷ್ಟು ಹೆಣೆದುಕೊಂಡಿದೆ ಎಂಬುದನ್ನು ಅದರ ಶುದ್ಧತೆಯ ಕೊರತೆಯಿಂದ ಅಳೆದು, ಎಲ್ಲವನ್ನೂ ಕೂಡಿಸಿ ಭಾಗಿಸುವುದು. ಜಿಎಚ್‌ಝಡ್‌ಗೆ ಇದು 1 ಕೊಡುತ್ತದೆ. ಆದರೆ ಬೆಲ್ ಜೋಡಿ ಮತ್ತು ಒಂಟಿ ಕ್ಯೂಬಿಟ್ ಇರುವ ಸ್ಥಿತಿಗೆ 2/3 ಕೊಡುತ್ತದೆ. ಅಲ್ಲಿ ಮೂವರ ನಡುವೆ ಹೆಣಿಗೆಯೇ ಇಲ್ಲ. ನಾಲ್ಕು ಕ್ಯೂಬಿಟ್‌ಗಳಿಗೆ ಹೋದರೆ ಪರಿಸ್ಥಿತಿ ಇನ್ನೂ ವಿಚಿತ್ರ: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬೆಲ್ ಜೋಡಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಉತ್ತರ 1, ನಾಲ್ಕು ಕ್ಯೂಬಿಟ್‌ಗಳ ಜಿಎಚ್‌ಝಡ್‌ಗೂ ಉತ್ತರ 1. ಬೇರೆ ಉಪಯೋಗಗಳಿಗೆ ಈ ಸರಾಸರಿ ಒಳ್ಳೆಯದಿರಬಹುದು, ಆದರೆ ‘ಎಲ್ಲರೂ ಒಟ್ಟಿಗೆ ಹೆಣೆದುಕೊಂಡಿದ್ದಾರೆಯೇ’ ಎಂಬ ನನ್ನ ಪ್ರಶ್ನೆಗೆ ಇದು ಸಲ್ಲದು.

ಎರಡನೆಯದು ಕಾಫ್‌ಮನ್, ಕುಂಡು ಮತ್ತು ವೂಟರ್ಸ್ 2000ರಲ್ಲಿ ಕೊಟ್ಟ ‘ತ್ರೀ-ಟ್ಯಾಂಗಲ್’. ಮೊದಲ ಕ್ಯೂಬಿಟ್ ಉಳಿದ ಎರಡರ ಜೊತೆ ಒಟ್ಟಾರೆ ಹೊಂದಿರುವ ಕನ್‌ಕರೆನ್ಸ್‌ನ ವರ್ಗದಿಂದ, ಅದು ಎರಡನೆಯದರ ಜೊತೆ ಮತ್ತು ಮೂರನೆಯದರ ಜೊತೆ ಜೋಡಿಜೋಡಿಯಾಗಿ ಹೊಂದಿರುವ ಕನ್‌ಕರೆನ್ಸ್‌ಗಳ ವರ್ಗಗಳನ್ನು ಕಳೆದರೆ ಉಳಿಯುವುದೇ ಇದು. ಜಿಎಚ್‌ಝಡ್‌ನಲ್ಲಿ ಒಟ್ಟು 1, ಜೋಡಿಗಳ ಪಾಲು ಸೊನ್ನೆ, ಉಳಿಕೆ 1. ಡಬ್ಲ್ಯುನಲ್ಲಿ ಒಟ್ಟು 8/9, ಪ್ರತಿ ಜೋಡಿಯ ಪಾಲು 4/9, ಉಳಿಕೆ ಸೊನ್ನೆ. ಡಬ್ಲ್ಯು ಸ್ಥಿತಿಯಲ್ಲಿ ಮೂವರೂ ಹೆಣೆದುಕೊಂಡಿರುವುದು ನಿರ್ವಿವಾದ. ಒಂದು ಕ್ಯೂಬಿಟ್ ಕಳೆದುಹೋದರೂ ಉಳಿದ ಎರಡರ ನಡುವೆ 2/3ರಷ್ಟು ಕನ್‌ಕರೆನ್ಸ್ ಉಳಿಯುತ್ತದೆ, ಜಿಎಚ್‌ಝಡ್‌ನಲ್ಲಿ ಏನೂ ಉಳಿಯುವುದಿಲ್ಲ. ಆದರೂ ಈ ಅಳತೆ ಡಬ್ಲ್ಯುವನ್ನು ಕಾಣದು. ಸೊನ್ನೆ ತೋರಿಸಬೇಕಾದ ಕಡೆ ಸೊನ್ನೆ ತೋರಿಸುವುದಷ್ಟೇ ಸಾಲದು, ತೋರಿಸಬಾರದ ಕಡೆ ತೋರಿಸದಿರುವುದೂ ಬೇಕು.

2021ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಸೊಂಗ್ಬೊ ಷಿಯೆ ಮತ್ತು ಜೋಸೆಫ್ ಎಬರ್ಲಿ ಸೂಚಿಸಿದ ತ್ರಿಭುಜದ ಅಳತೆ ಈ ಎರಡೂ ಪರೀಕ್ಷೆಗಳನ್ನು ಸುಂದರವಾಗಿ ದಾಟುತ್ತದೆ. ಒಂದು ಕ್ಯೂಬಿಟ್ ಮತ್ತು ಉಳಿದ ಎರಡರ ನಡುವಿನ ಕನ್‌ಕರೆನ್ಸ್‌ಗಳ ವರ್ಗಗಳು ಮೂರು. ಅವುಗಳಲ್ಲಿ ಯಾವುದೂ ಉಳಿದೆರಡರ ಮೊತ್ತವನ್ನು ಮೀರುವುದಿಲ್ಲವಾದ್ದರಿಂದ ಅವುಗಳನ್ನು ಬಾಹುಗಳಾಗಿ ಇಟ್ಟು ತ್ರಿಭುಜ ಎಳೆಯಬಹುದು. ಹೆರಾನನ ಸೂತ್ರದಿಂದ ವಿಸ್ತೀರ್ಣ ತೆಗೆದು, ಗರಿಷ್ಠ 1 ಬರುವಂತೆ ಹೊಂದಿಸಿ, ವರ್ಗಮೂಲ ತೆಗೆದರೆ ‘ಕನ್‌ಕರೆನ್ಸ್ ಫಿಲ್’. ಬೆಲ್ ಜೋಡಿ ಮತ್ತು ಒಂಟಿ ಕ್ಯೂಬಿಟ್ಟಿನಲ್ಲಿ ಬಾಹುಗಳು 1, 1, 0. ತ್ರಿಭುಜ ಗೆರೆಯಾಗಿ ಮಡಚಿಕೊಂಡು ವಿಸ್ತೀರ್ಣ ಸೊನ್ನೆಯಾಗುತ್ತದೆ. ಡಬ್ಲ್ಯುಗೆ 8/9, ಜಿಎಚ್‌ಝಡ್‌ಗೆ 1.

ಇನ್ನೊಂದು ಜೊತೆಯನ್ನು ಹತ್ತಿರದಿಂದ ನೋಡಿದೆ. 000ಕ್ಕೆ ಕೊಸೈನ್ 15 ಡಿಗ್ರಿ ಮತ್ತು 111ಕ್ಕೆ ಸೈನ್ 15 ಡಿಗ್ರಿ ತೂಕ ಕೊಟ್ಟ ದುರ್ಬಲ ಜಿಎಚ್‌ಝಡ್‌ನಲ್ಲಿ ಮೂರು ಬಾಹುಗಳೂ 0.25. ಎದುರಿಗೆ, ಮೊದಲೆರಡು ಕ್ಯೂಬಿಟ್‌ಗಳು 00 ಇದ್ದಾಗ ಮೂರನೆಯದು 0 ಆಗಿಯೇ ಇದ್ದು, 11 ಇದ್ದಾಗ ಸೈನ್ ಮೌಲ್ಯ ಅರ್ಧವಿರುವಷ್ಟು ಮಾತ್ರ ಓರೆಯಾಗುವ ಸ್ಥಿತಿ. ಇದರ ಬಾಹುಗಳು 1, 1, 0.25. ಎರಡಕ್ಕೂ ತ್ರೀ-ಟ್ಯಾಂಗಲ್ 0.25, ಎರಡರ ಅತಿ ಚಿಕ್ಕ ಬಾಹುವೂ 0.25. ಫಿಲ್ ಮಾತ್ರ ಮೊದಲನೆಯದಕ್ಕೆ 0.25 ಮತ್ತು ಎರಡನೆಯದಕ್ಕೆ 0.535 ಎನ್ನುತ್ತದೆ. ಈ ಹೆಚ್ಚಳ ಬಂದದ್ದು ಮೊದಲೆರಡು ಕ್ಯೂಬಿಟ್‌ಗಳ ಖಾಸಗಿ ಹೆಣಿಗೆಯಿಂದ, ಅದರ ಕನ್‌ಕರೆನ್ಸ್‌ನ ವರ್ಗ 0.75. ಅದನ್ನು ಮೂವರ ಖಾತೆಗೆ ಬರೆಯುವುದು ನ್ಯಾಯವೇ ಎಂಬ ಸಂಶಯ ನನಗೆ ಆಗಲೇ ಇತ್ತು. ಗೆ, ಲಿಯು ಮತ್ತು ಚೆಂಗ್ ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ಉದಾಹರಣೆ ಸಮೇತ ಮುಂದಿಟ್ಟಿದ್ದಾರೆ: ಪ್ರತಿಯೊಬ್ಬರೂ ತಮ್ಮ ಕ್ಯೂಬಿಟ್ಟಿನ ಮೇಲೆ ಮಾತ್ರ ಕೆಲಸಮಾಡಿ ಫಲಿತಾಂಶವನ್ನು ಫೋನಿನಲ್ಲಿ ಹಂಚಿಕೊಂಡರೂ ಫಿಲ್ ಸರಾಸರಿಯಲ್ಲಿ ಹೆಚ್ಚಾಗಬಲ್ಲದು. ದೂರದಲ್ಲಿ ಕುಳಿತು ಮಾತಾಡಿಕೊಂಡ ಮಾತ್ರಕ್ಕೆ ಹೆಚ್ಚಾಗುವ ಅಳತೆಯನ್ನು ಎಂಟ್ಯಾಂಗಲ್‌ಮೆಂಟ್‌ನ ಅಂತಿಮ ತೀರ್ಪಾಗಿ ಒಪ್ಪಲಾಗದು. ಫಿಲ್ಲನ್ನು ಪರದೆಯ ಮೇಲೆ ಚಿತ್ರವಾಗಿ ಉಳಿಸಿಕೊಂಡೆ, ತೀರ್ಪಿನ ಸ್ಥಾನದಿಂದ ಇಳಿಸಿದೆ.

ತೀರ್ಪಿಗೆ ಆರಿಸಿಕೊಂಡದ್ದು ಎಲ್ಲಕ್ಕಿಂತ ಸರಳವಾದ ಕನಿಷ್ಠ ಕನ್‌ಕರೆನ್ಸ್, ಅಂದರೆ ಮೂರು ವಿಭಜನೆಗಳಲ್ಲಿ ಅತಿ ದುರ್ಬಲವಾದದ್ದರ ಬಲ. ಇದಕ್ಕೆ ಕಾರಣ ಸೌಂದರ್ಯವಲ್ಲ, ಉಪಯೋಗ: ಗದ್ದಲ ಬೆರೆತ ಸ್ಥಿತಿಗೆ ತ್ರೀ-ಟ್ಯಾಂಗಲ್ ಆಗಲಿ ಫಿಲ್ ಆಗಲಿ ಬೇಕಾದರೆ, ಆ ಸ್ಥಿತಿಯನ್ನು ಶುದ್ಧ ಸ್ಥಿತಿಗಳಾಗಿ ಒಡೆಯುವ ಸಕಲ ರೀತಿಗಳಲ್ಲಿ ಅತಿ ಕಡಿಮೆ ಸರಾಸರಿ ಕೊಡುವುದನ್ನು ಹುಡುಕಬೇಕಾಗುತ್ತದೆ. ಕನಿಷ್ಠ ಕನ್‌ಕರೆನ್ಸ್‌ಗಾದರೋ ಜಿಎಚ್‌ಝಡ್ ಜೊತೆಗಿನ ಫಿಡೆಲಿಟಿಯ (ಆದರ್ಶ ಸ್ಥಿತಿಗೆ ಎಷ್ಟು ಹತ್ತಿರ ಎಂದು ಹೇಳುವ, 0ರಿಂದ 1ರವರೆಗಿನ ಸಂಖ್ಯೆ) ಎರಡರಷ್ಟರಿಂದ ಒಂದನ್ನು ಕಳೆದರೆ ಸಾಕು, ನಂಬಬಹುದಾದ ಕೆಳಮಿತಿ ಸಿಗುತ್ತದೆ. ಫಿಡೆಲಿಟಿ ಅರ್ಧವನ್ನು ದಾಟಿದರೆ ಮೂವರೂ ನಿಜವಾಗಿ ಹೆಣೆದುಕೊಂಡಿದ್ದಾರೆ ಎಂಬ ಪ್ರಸಿದ್ಧ ಸಾಕ್ಷಿ-ನಿಯಮವೂ ಇದರಲ್ಲೇ ಅಡಗಿದೆ.

ನಾಲ್ಕು ಸೆಟ್ಟಿಂಗ್‌ಗಳು

ಇಡೀ ಸ್ಥಿತಿಯನ್ನು ತಿಳಿಯಲು ಟೋಮೊಗ್ರಫಿ ಮಾಡಿದರೆ ಪ್ರತಿ ಕ್ಯೂಬಿಟ್ಟನ್ನೂ ಎಕ್ಸ್, ವೈ, ಝಡ್ ಮೂರೂ ಅಕ್ಷಗಳಲ್ಲಿ ಅಳೆಯಬೇಕು. ಮೂರು ಕ್ಯೂಬಿಟ್‌ಗಳಿಗೆ 27 ಸೆಟ್ಟಿಂಗ್‌ಗಳು, ಅಂದರೆ ಅಕ್ಷಗಳ 27 ಆಯ್ಕೆಗಳು. 2005ರಲ್ಲಿ ಇನ್ಸ್‌ಬ್ರುಕ್‌ನ ರೈನರ್ ಬ್ಲಾಟ್ ಅವರ ತಂಡ ಎಂಟು ಕ್ಯಾಲ್ಸಿಯಂ ಅಯಾನುಗಳ ಡಬ್ಲ್ಯು ಸ್ಥಿತಿಯನ್ನು ಹೀಗೆ ಅಳೆದಾಗ 6561 ಸೆಟ್ಟಿಂಗ್‌ಗಳು, ಒಂದೊಂದಕ್ಕೂ 100 ಬಾರಿಯಂತೆ ಒಟ್ಟು 6,56,100 ಅಳತೆಗಳು ಬೇಕಾದವು. ಅಳತೆಯೊಂದಕ್ಕೇ ಹತ್ತು ಗಂಟೆ ಹಿಡಿಯಿತು. ಫಿಡೆಲಿಟಿಯಷ್ಟೇ ಸಾಕು ಎನ್ನುವವನಿಗೆ ಕ್ಯೂಬಿಟ್‌ಗಳ ಸಂಖ್ಯೆಗಿಂತ ಒಂದು ಹೆಚ್ಚು ಸೆಟ್ಟಿಂಗ್ ಸಾಕು: ಮೂರಕ್ಕೆ ನಾಲ್ಕು, ಎಂಟಕ್ಕೆ ಒಂಬತ್ತು.

ಮೊದಲ ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ಝಡ್ ಅಕ್ಷದಲ್ಲಿ ಅಳೆದು 000 ಮತ್ತು 111 ಬಂದ ಪಾಲನ್ನು ಕೂಡಿಸುತ್ತೇವೆ. ಆದರೆ ನಾಣ್ಯ ಚಿಮ್ಮಿ ಒಮ್ಮೆ 000, ಒಮ್ಮೆ 111 ತಯಾರಿಸುವ ಯಂತ್ರವೂ ಇಲ್ಲಿ ಪೂರ್ಣ ಅಂಕ ಗಳಿಸುತ್ತದೆ. ಎರಡರ ನಡುವಿನ ಕ್ವಾಂಟಮ್ ಹೊಂದಾಣಿಕೆಯನ್ನು, ಅಂದರೆ ಕೊಹೆರೆನ್ಸನ್ನು, ಹಿಡಿಯಲು ಉಳಿದ ಮೂರು ಸೆಟ್ಟಿಂಗ್‌ಗಳು. ಎಲ್ಲ ಕ್ಯೂಬಿಟ್‌ಗಳನ್ನೂ ಎಕ್ಸ್-ವೈ ತಲದಲ್ಲಿ ಎಕ್ಸ್ ಅಕ್ಷದಿಂದ 60, 120 ಮತ್ತು 180 ಡಿಗ್ರಿ ಕೋನದಲ್ಲಿರುವ ದಿಕ್ಕಿನಲ್ಲಿ ಅಳೆದು, ಪ್ರತಿ ಶಾಟ್‌ನಲ್ಲೂ 1ಗಳ ಸಂಖ್ಯೆ ಸರಿಯಾದರೆ +1, ಬೆಸವಾದರೆ −1 ಎಂದು ಪ್ಯಾರಿಟಿ ಬರೆದುಕೊಳ್ಳಬೇಕು. ಆದರ್ಶ ಜಿಎಚ್‌ಝಡ್‌ನ ಪ್ಯಾರಿಟಿ ಕೋನದ ಮೂರರಷ್ಟರ ಕೊಸೈನ್ ಆಗಿ ಏರಿಳಿಯುವುದರಿಂದ ಇಲ್ಲಿ −1, +1, −1 ಬರುತ್ತದೆ. ಚಿಹ್ನೆಗಳನ್ನು ಅನುಕ್ರಮವಾಗಿ ಬದಲಿಸಿ ಸರಾಸರಿ ತೆಗೆದಾಗ 001 ಮತ್ತು 110ರಂಥ ಬೇರೆ ಜೊತೆಗಳ ಕೊಡುಗೆ ಸೊನ್ನೆಯಾಗುತ್ತದೆ. ಅವು ಕೋನದೊಡನೆ ಮೂರು ಪಟ್ಟಲ್ಲ, ಒಂದು ಪಟ್ಟು ವೇಗದಲ್ಲಿ ತಿರುಗುವುದೇ ಕಾರಣ. ಮೊದಲ ಪಾಲಿನ ಅರ್ಧ ಮತ್ತು ಈ ಸರಾಸರಿಯ ಅರ್ಧ ಕೂಡಿದರೆ ಫಿಡೆಲಿಟಿ.

ಪರೀಕ್ಷೆಗೆ ಜಿಎಚ್‌ಝಡ್ ಜೊತೆ ಬಿಳಿ ಗದ್ದಲ, ಅಂದರೆ ಎಂಟೂ ಫಲಿತಾಂಶಗಳು ಸಮಸಂಭವವಾಗಿರುವ ಗದ್ದಲ, ಬೆರೆಸಿದೆ. ಶುದ್ಧ ಭಾಗ, ಅಂದರೆ ಮಿಶ್ರಣದಲ್ಲಿ ಜಿಎಚ್‌ಝಡ್‌ನ ಪಾಲು, 0.6 ಇದ್ದಾಗ ಫಿಡೆಲಿಟಿ 0.65 ಆಗಬೇಕು, ಕನಿಷ್ಠ ಕನ್‌ಕರೆನ್ಸ್ 0.30. ಪ್ರತಿ ಸೆಟ್ಟಿಂಗ್‌ಗೆ 1000 ಶಾಟ್ ಕೊಟ್ಟರೆ ಫಿಡೆಲಿಟಿಯ ಮಾನಕ ವಿಚಲನೆ 0.010 ಆಗುತ್ತದೆ, ಆದುದರಿಂದ ತೀರ್ಪಿನಲ್ಲಿ ಅನುಮಾನವಿಲ್ಲ. ಶುದ್ಧ ಭಾಗವನ್ನು 0.45ಕ್ಕೆ ಇಳಿಸಿದರೆ ಕಥೆ ಬೇರೆ: ನಿಜವಾದ ಫಿಡೆಲಿಟಿ 0.519, ವಿಚಲನೆ 0.011. ಅರ್ಧಕ್ಕಿಂತ ಮೇಲಿದ್ದರೂ ಎರಡು ವಿಚಲನೆಗಳಷ್ಟೂ ದೂರವಿಲ್ಲ. 10,000 ಶಾಟ್‌ಗಳಿಗೆ ಏರಿಸಿದಾಗ ವಿಚಲನೆ 0.0036ಕ್ಕೆ ಇಳಿದು ಅಂತರ ಐದು ವಿಚಲನೆಗಳನ್ನು ದಾಟುತ್ತದೆ. ಅರ್ಧವನ್ನು ಮುಟ್ಟುವ ಶುದ್ಧ ಭಾಗ 3/7. ಅದಕ್ಕಿಂತ ಕೆಳಗೆ ಮೂವರ ಹೆಣಿಗೆ ಇರುವುದೇ ಇಲ್ಲ, 1/5ಕ್ಕೆ ಬಂದರೆ ಇಬ್ಬರ ಹೆಣಿಗೆಯೂ ಉಳಿಯುವುದಿಲ್ಲ. ಹೋಲಿಕೆಗಾಗಿ, ಮರ್ಮಿನ್ ಅಸಮಾನತೆಯ (ಕ್ವಾಂಟಮ್ ಅಲ್ಲದ ಸ್ಥಳೀಯ ವಿವರಣೆಗಳು ದಾಟಲಾಗದ ಮಿತಿ) ಉಲ್ಲಂಘನೆಗೆ ಅರ್ಧಕ್ಕಿಂತ ಹೆಚ್ಚು ಶುದ್ಧ ಭಾಗ ಬೇಕು. ಕೋಣೆಯ ಉಷ್ಣತೆಯ ದ್ರವ ಎನ್‌ಎಂಆರ್ (ಪರಮಾಣು ನ್ಯೂಕ್ಲಿಯಸ್‌ಗಳ ಸ್ಪಿನ್‌ಗಳನ್ನು ಕ್ಯೂಬಿಟ್‌ಗಳಾಗಿ ಬಳಸುವ ವಿಧಾನ) ಪ್ರಯೋಗಗಳಲ್ಲಿ ಶುದ್ಧ ಭಾಗ ಇವೆಲ್ಲಕ್ಕಿಂತ ತೀರಾ ಚಿಕ್ಕದಾಗಿತ್ತೆಂಬುದರ ಮೇಲೆ 1999ರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಿಲ್ ಕುಮಾರ್ ಅವರ ತಂಡ ಬೆಳೆಸಿದ್ದೂ ಎನ್‌ಎಂಆರ್ ಮಾರ್ಗವನ್ನೇ. ಹೆಣಿಗೆಯ ಸಾಕ್ಷಿ ಸಿಗದಿದ್ದರೂ ಗೇಟುಗಳ ನಿಯಂತ್ರಣವನ್ನು ಕಲಿಯಲು ಆ ಮಾರ್ಗ ಬಹಳ ಕಲಿಸಿದೆ ಎಂಬುದು ನನ್ನ ಅಭಿಪ್ರಾಯ.

ಓದುವಾಗಿನ ದೋಷ

ಇದರ ಬಳಿಕ ಪ್ರತಿ ಕ್ಯೂಬಿಟ್ಟಿನ ಫಲಿತಾಂಶವನ್ನು ನೂರಕ್ಕೆ ಎರಡು ಬಾರಿ ತಪ್ಪಾಗಿ ಓದುವ ದೋಷವನ್ನು ತಯಾರಿಯ ಕಡತಕ್ಕೆ ಸೇರಿಸಿದೆ. ಸ್ಥಿತಿ ಪರಿಪೂರ್ಣವಾಗಿದ್ದರೂ 000 ಮತ್ತು 111ರ ಪಾಲು 0.941ಕ್ಕೆ, ಪ್ಯಾರಿಟಿ 0.96ರ ಘನಕ್ಕೆ, ಅಂದರೆ 0.885ಕ್ಕೆ ಕುಸಿದು ಫಿಡೆಲಿಟಿ 0.913 ಎಂದು ಬರುತ್ತದೆ. ಎಂಟು ಕ್ಯೂಬಿಟ್‌ಗಳಾದರೆ ಇದೇ ದೋಷ 0.786ಕ್ಕೆ ಎಳೆಯುತ್ತದೆ.

ದೋಷದ ಪ್ರಮಾಣ ಗೊತ್ತಿದ್ದರೆ ಅದನ್ನು ತಿರುಗುಮುರುಗು ಮಾಡಿ ಕಳೆಯಬಹುದು: ಪ್ರತಿ ಕ್ಯೂಬಿಟ್‌ಗೆ ಒಂದು 2×2 ಮ್ಯಾಟ್ರಿಕ್ಸ್, ಅದರ ವಿಲೋಮವನ್ನು ಎಣಿಕೆಗಳಿಗೆ ಹಚ್ಚುವುದು. ಈ ಭಾಗವನ್ನು ಬಳಸುವವರು ಮೈಮರೆಯಬಾರದು. ನಿಜವಾದ ದೋಷ 0.02 ಇದ್ದು ತಿದ್ದುಪಡಿಯಲ್ಲಿ 0.03 ಎಂದು ಹಾಕಿದರೆ ಪ್ಯಾರಿಟಿ 1.065 ಆಗುತ್ತದೆ, ಫಿಡೆಲಿಟಿ 1.049. ಒಂದಕ್ಕಿಂತ ಹೆಚ್ಚಿನ ಫಿಡೆಲಿಟಿ ಕಣ್ಣಿಗೆ ಹೊಡೆಯುವುದರಿಂದ ಇಲ್ಲಿ ಗೊತ್ತಾಗುತ್ತದೆ. ಆದರೆ ನಿಜವಾದ ಫಿಡೆಲಿಟಿ 0.49 ಇದ್ದು ಇದೇ ಅತಿ ತಿದ್ದುಪಡಿ ಅದನ್ನು 0.51 ಮಾಡಿದರೆ ಯಾರಿಗೂ ಗೊತ್ತಾಗದೆ ಇಲ್ಲದ ಹೆಣಿಗೆ ಘೋಷಣೆಯಾಗುತ್ತದೆ. ಆದುದರಿಂದ ಮಾಪಕ ಈಗ ತಿದ್ದದ ಸಂಖ್ಯೆ ಮತ್ತು ತಿದ್ದಿದ ಸಂಖ್ಯೆ ಎರಡನ್ನೂ ಮುದ್ರಿಸುತ್ತದೆ, ತೀರ್ಪನ್ನು ತಿದ್ದದ ಸಂಖ್ಯೆಯ ಮೇಲೆಯೇ ಕೊಡುತ್ತದೆ. ದೋಷವನ್ನು ಅಳೆಯಲು ಕೇವಲ 1000 ಶಾಟ್ ಬಳಸಿದರೆ 0.02ರ ಮೇಲೆ 0.0044ರ ಅನಿಶ್ಚಿತತೆ ಉಳಿದು, ಅದರಿಂದಲೇ ತಿದ್ದಿದ ಪ್ಯಾರಿಟಿಯಲ್ಲಿ ಸುಮಾರು 0.016ರಷ್ಟು ಅಲುಗಾಟ ಬರುತ್ತದೆ. ಕ್ಯಾಲಿಬ್ರೇಶನ್‌ಗೆ ಮುಖ್ಯ ಅಳತೆಗಿಂತ ಹೆಚ್ಚು ಶಾಟ್ ಮೀಸಲಿಡಬೇಕು. ಸೂಪರ್‌ಕಂಡಕ್ಟಿಂಗ್ ಚಿಪ್ಪುಗಳಲ್ಲಿ 1 ಇದ್ದದ್ದು ಓದುವಷ್ಟರಲ್ಲಿ 0ಕ್ಕೆ ಇಳಿದುಬಿಡುವುದು ಸಾಮಾನ್ಯವಾದ್ದರಿಂದ ಎರಡು ದಿಕ್ಕಿನ ದೋಷಗಳಿಗೂ ಬೇರೆಬೇರೆ ಜಾಗ ಕೊಟ್ಟಿದ್ದೇನೆ.

ಫೇಸ್ ಜಾರಿದಾಗ

ಮಾಪಕದಲ್ಲಿ ಅತಿ ಹೆಚ್ಚು ಕೆಲಸ ತೆಗೆದುಕೊಂಡ ಭಾಗ ಇದು. ಪ್ರತಿ ಕ್ಯೂಬಿಟ್ ಝಡ್ ಅಕ್ಷದ ಸುತ್ತ ಸ್ವಲ್ಪ ತಿರುಗಿದರೆ ಹೆಣಿಗೆಯ ಬಲ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಏಕೆಂದರೆ ಅದು ಒಂಟಿ ಕ್ಯೂಬಿಟ್ಟಿನ ಮೇಲಿನ ಕ್ರಿಯೆ. ಆದರೆ 111ರ ಮುಂದಿನ ಫೇಸ್ (000ದೊಡನೆ ಕೂಡುವಾಗಿನ ಕೋನ) ಮೂರೂ ತಿರುಗುವಿಕೆಗಳ ಮೊತ್ತದಷ್ಟು ಜಾರುತ್ತದೆ. ತಲಾ 20 ಡಿಗ್ರಿ ತಿರುಗಿದರೆ ಒಟ್ಟು 60 ಡಿಗ್ರಿ, ಫಿಡೆಲಿಟಿ 0.75. ತಲಾ 30 ಡಿಗ್ರಿಯಾದರೆ ಒಟ್ಟು 90, ಫಿಡೆಲಿಟಿ ಸರಿಯಾಗಿ ಅರ್ಧ. ಗರಿಷ್ಠವಾಗಿ ಹೆಣೆದುಕೊಂಡ ಸ್ಥಿತಿಗೆ ಮಾಪಕ ಸೊನ್ನೆ ಬಲ ಎನ್ನುತ್ತದೆ. ಎಂಟು ಕ್ಯೂಬಿಟ್‌ಗಳಿಗೆ ತಲಾ 11.25 ಡಿಗ್ರಿಯೇ ಸಾಕು.

ಪರಿಹಾರವಾಗಿ ಮೂರು ಸೆಟ್ಟಿಂಗ್‌ಗಳನ್ನು 30 ಡಿಗ್ರಿ ಸರಿಸಿ ಇನ್ನೂ ಮೂರನ್ನು ಸೇರಿಸಿದೆ. ಮೊದಲ ಗುಂಪು ಕೊಹೆರೆನ್ಸ್‌ನ ಕೊಸೈನ್ ಭಾಗ ಕೊಟ್ಟರೆ ಇದು ಸೈನ್ ಭಾಗ ಕೊಡುತ್ತದೆ. ಎರಡರಿಂದ ಫೇಸ್ ಮತ್ತು ಗಾತ್ರ ಎರಡೂ ಸಿಗುತ್ತವೆ. ಗಾತ್ರವನ್ನು ಎರಡರ ವರ್ಗಗಳ ಮೊತ್ತದ ವರ್ಗಮೂಲವಾಗಿ ತೆಗೆಯುವುದು ಸಹಜವೆನಿಸಿದರೂ ಅಪಾಯಕಾರಿ, ಏಕೆಂದರೆ ವರ್ಗಮೂಲ ಎಂದೂ ಋಣವಾಗುವುದಿಲ್ಲ. ಕೊಹೆರೆನ್ಸ್ ಇಲ್ಲವೇ ಇಲ್ಲದ ಬರೀ ಗದ್ದಲವನ್ನು ಕೊಟ್ಟರೂ ಪ್ರತಿ ಸೆಟ್ಟಿಂಗ್‌ಗೆ 1000 ಶಾಟ್‌ನಲ್ಲಿ ಸರಾಸರಿ 0.023, 100 ಶಾಟ್‌ನಲ್ಲಿ 0.072 ಎಂದು ತೋರಿಸುತ್ತದೆ. ಸೊನ್ನೆಯ ಪರೀಕ್ಷೆಯಲ್ಲಿ ಇದು ಕೂಡಲೇ ಸಿಕ್ಕಿಬೀಳುತ್ತದೆ. ಆದುದರಿಂದ ಶಾಟ್‌ಗಳನ್ನು ಎರಡು ಪಾಲು ಮಾಡಿ, ಮೊದಲ ಪಾಲಿನಿಂದ ಫೇಸ್ ಮಾತ್ರ ನಿರ್ಧರಿಸಿ, ಅದನ್ನು ಅಲ್ಲಿಗೇ ಬೀಗಹಾಕಿ, ಎರಡನೆಯ ಪಾಲನ್ನು ಆ ಫೇಸ್‌ನ ದಿಕ್ಕಿನಲ್ಲಿ ಅಳೆಯಲಾಗುತ್ತದೆ. ಶಾಟ್‌ಗಳ ಅರ್ಧ ಖರ್ಚಾಯಿತೆಂಬ ಕೊರಗು ಇದೆ, ಆದರೆ ಗದ್ದಲಕ್ಕೆ ಉತ್ತರ ಈಗ ಸೊನ್ನೆಯ ಎರಡೂ ಬದಿಗೆ ಸಮನಾಗಿ ಹರಡುತ್ತದೆ.

ಇದರಿಂದ ಸರಿಯಾಗುವುದು ಸ್ಥಿರವಾದ ಜಾರುವಿಕೆ ಮಾತ್ರ. ಶಾಟ್‌ನಿಂದ ಶಾಟ್‌ಗೆ ಫೇಸ್ ಅಲೆದಾಡಿದರೆ ಕೊಹೆರೆನ್ಸ್ ನಿಜವಾಗಿಯೇ ನಾಶವಾಗುತ್ತದೆ, ಅದನ್ನು ಯಾವ ಲೆಕ್ಕವೂ ಮರಳಿ ತರದು. ಎಲ್ಲ ಕ್ಯೂಬಿಟ್‌ಗಳಿಗೂ ಒಂದೇ ಕಾಂತಕ್ಷೇತ್ರದ ಅಲುಗಾಟ ತಟ್ಟುವಾಗ ಈ ನಾಶದ ವೇಗ ಕ್ಯೂಬಿಟ್‌ಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರುವುದನ್ನು ಇನ್ಸ್‌ಬ್ರುಕ್ ತಂಡ 14 ಅಯಾನುಗಳವರೆಗಿನ ತನ್ನ ಪ್ರಯೋಗಗಳಲ್ಲಿ 2011ರಲ್ಲಿ ವರದಿ ಮಾಡಿತು. ನನ್ನ ತಯಾರಿ ಕಡತದಲ್ಲಿ ಎಲ್ಲ ಕ್ಯೂಬಿಟ್‌ಗಳಿಗೂ ಒಂದೇ ಯಾದೃಚ್ಛಿಕ ಕೋನ ಹಾಕಿದಾಗ ವರ್ಗದ ಏರಿಕೆ ಬಂತು, ಪ್ರತಿಯೊಂದಕ್ಕೂ ಸ್ವತಂತ್ರ ಕೋನ ಹಾಕಿದಾಗ ಸರಳ ಅನುಪಾತದ ಏರಿಕೆ ಬಂತು. ಎರಡೂ ಬರಬೇಕಾದಂತೆಯೇ ಬಂದುವು.

ಈಗಿರುವ ಮಾಪಕ ಡಬ್ಲ್ಯು ಸ್ಥಿತಿಗೆ ಕುರುಡು. ಅದರ ಜಿಎಚ್‌ಝಡ್ ಫಿಡೆಲಿಟಿ ಸೊನ್ನೆಯಾದ್ದರಿಂದ ಪರದೆಯ ಮೇಲೆ ‘ಹೆಣಿಗೆ ಇಲ್ಲ’ ಎಂದು ಬರುತ್ತಿತ್ತು. ಆ ವಾಕ್ಯವನ್ನು ‘ಜಿಎಚ್‌ಝಡ್ ಬಗೆಯ ಸಾಕ್ಷಿ ಸಿಗಲಿಲ್ಲ’ ಎಂದು ಬದಲಿಸಿದ್ದೇನೆ. ಡಬ್ಲ್ಯುಗೆ ಪ್ರತ್ಯೇಕ ಕವಲು ಬೇಕು: ಅಲ್ಲಿ ಸೆಟ್ಟಿಂಗ್‌ಗಳು ಐದು, ದಾಟಬೇಕಾದ ಗೆರೆ ಅರ್ಧವಲ್ಲ, 2/3, ಮತ್ತು ಬಿಳಿ ಗದ್ದಲದೆದುರು ಆ ಗೆರೆ ದಾಟಲು ಶುದ್ಧ ಭಾಗ 13/21ಕ್ಕಿಂತ ಹೆಚ್ಚಿರಬೇಕು. ಕವಲಿನ ಸೊನ್ನೆ-ಪರೀಕ್ಷೆಗೆ ಬೆಲ್ ಜೋಡಿ ಮತ್ತು ಒಂಟಿ ಕ್ಯೂಬಿಟ್ಟಿನ ಸ್ಥಿತಿಯನ್ನೇ, ಜೋಡಿಯನ್ನು 01 ಮತ್ತು 10ರ ಮೊತ್ತವಾಗಿ ಮತ್ತು ಒಂಟಿಯನ್ನು 0 ಆಗಿ ಇಟ್ಟು ಬಳಸುತ್ತಿದ್ದೇನೆ. ಡಬ್ಲ್ಯು ಜೊತೆ ಅದರ ಫಿಡೆಲಿಟಿ ಸರಿಯಾಗಿ 2/3 ಆಗುವುದರಿಂದ ಮಾಪಕದ ಓದು ಆ ಗೆರೆಯ ಮೇಲೆಯೇ ನಿಲ್ಲಬೇಕು.